ಆರೈಕೆ ಭತ್ಯೆ ಹೆಚ್ಚಾಗಿ ಸಂದಾಯವಾಗಿದೆ ಎಂಬ ಪತ್ರ: ಕೂಡಲೇ ಕಟ್ಟಬೇಕೆ?

ಪ್ರಶ್ನೆ (ವಿರಾಜಪೇಟೆ)

ಬ್ರಿಟಿಷ್ ಪೌರತ್ವ ಪಡೆದು ಅಲ್ಲಿಯೇ ನೆಲೆಸಿರುವ ನನ್ನ ತಂಗಿ, ಪಾರ್ಶ್ವವಾಯು ಪೀಡಿತರಾದ ಪತಿಯನ್ನು ನೋಡಿಕೊಳ್ಳುತ್ತ, ಅಂಗಡಿಯೊಂದರಲ್ಲಿ ಪಾಳಿಯ ಮೇಲೆ ಕೆಲವು ಗಂಟೆ ದುಡಿಯುತ್ತಾಳೆ. ಅವಳ ಸಂಬಳ ಪ್ರತಿ ವಾರವೂ ಏರಿಳಿಯುತ್ತದೆ. 2024–25ರಲ್ಲಿ ಪಡೆದ ‘ಕೇರರ್ಸ್ ಅಲವೆನ್ಸ್’ (ಆರೈಕೆ ಭತ್ಯೆ) ಹಣವನ್ನು ಮರಳಿಸಬೇಕೆಂದು ಈಗ ಪತ್ರ ಬಂದಿದೆ. ಕೆಲಸಕ್ಕೆ ಸೇರಿದ್ದನ್ನು ಆಗಲೇ ಬರೆದು ತಿಳಿಸಿದ್ದೆ ಎನ್ನುತ್ತಾಳೆ. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಮಾರಿ ಹಣ ಕಳುಹಿಸಿಬಿಡೋಣವೆಂದು ಅಮ್ಮ ಒತ್ತಾಯಿಸುತ್ತಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ 1 (ಸೋಮವಾರಪೇಟೆ)

ಸಾರ್ವಜನಿಕರ ಹಣ ಹೆಚ್ಚಾಗಿ ಬಂದಿದ್ದರೆ ಹಿಂದಿರುಗಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಮ್ಮೆಗೇ ಆಗದಿದ್ದರೆ ಕಂತುಗಳಲ್ಲಿ ಕಟ್ಟಲು ಕೇಳಿಕೊಳ್ಳಬಹುದು.

ಉತ್ತರ 2 (ಮಡಿಕೇರಿ)

ಮೇಲಿನವರ ಮಾತನ್ನು ಗೌರವಿಸುತ್ತೇನೆ, ಆದರೆ ‘ಹೆಚ್ಚು’ ಎಂಬುದನ್ನು ಇಲ್ಲಿ ಹೇಗೆ ಲೆಕ್ಕ ಹಾಕುತ್ತಾರೆಂದು ನೋಡಬೇಕು. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ ಆ ವರ್ಷ ಸಿಗುತ್ತಿದ್ದುದು ವಾರಕ್ಕೆ 81.90 ಪೌಂಡ್, ಗಳಿಕೆಯ ಮಿತಿ 151 ಪೌಂಡ್. ಮಿತಿಯನ್ನು ಒಂದು ಪೆನ್ನಿಯಷ್ಟು ದಾಟಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ವರ್ಷವಿಡೀ ವಾರಕ್ಕೆ ಒಂದೇ ಪೌಂಡ್ ಹೆಚ್ಚು ದುಡಿದವರು 52 ಪೌಂಡ್ ಗಳಿಸಿ 4,258.80 ಪೌಂಡ್ ಸಾಲಗಾರರಾಗುತ್ತಾರೆ. ಹಗಲಿರುಳು ರೋಗಿಯ ಪಕ್ಕದಲ್ಲಿರುವವರಿಗೆ ಇದು ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಈ ಭತ್ಯೆಗೆ ಅನ್ವಯಿಸುವ 1992ರ ಸಾಮಾಜಿಕ ಭದ್ರತಾ ಆಡಳಿತ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ, ಪಡೆದವರು ತಪ್ಪು ಮಾಹಿತಿ ಕೊಟ್ಟಿದ್ದರೆ ಅಥವಾ ತಿಳಿಸಬೇಕಾದ ಸಂಗತಿಯನ್ನು ತಿಳಿಸದೆ ಹೋಗಿದ್ದರೆ, ಅದರಿಂದಾಗಿ ಹೆಚ್ಚಾಗಿ ಸಂದಾಯವಾದ ಹಣವನ್ನು ವಸೂಲಿ ಮಾಡಬಹುದು. ಕಚೇರಿಯದೇ ತಪ್ಪಿನಿಂದ ಸಂದಾಯವಾದದ್ದನ್ನು ಈ ಸೆಕ್ಷನ್ನಿನಡಿ ಕೇಳುವಂತಿಲ್ಲ. ಆದ್ದರಿಂದ ನಿಮ್ಮ ತಂಗಿ ಬರೆದ ಪತ್ರದ ಪ್ರತಿ ಬಹಳ ಮುಖ್ಯ. ಕೆಲಸಕ್ಕೆ ಸೇರಿದ್ದನ್ನು ತಿಳಿಸಿ, ಆಮೇಲೆ ಸಂಬಳ ಏರಿದ್ದನ್ನು ತಿಳಿಸದಿದ್ದರೆ ವಾದ ದುರ್ಬಲವಾಗುತ್ತದೆ ಎಂಬುದನ್ನೂ ಹೇಳಬೇಕಾಗಿದೆ.

ನಿರ್ಣಯದ ದಿನಾಂಕದಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೋರಬೇಕು; ಅಲ್ಲಿಯೂ ಒಪ್ಪದಿದ್ದರೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಉತ್ತರ 3 (ಗೋಣಿಕೊಪ್ಪಲು)

ಸಂಬಳ ಏರಿಳಿಯುತ್ತದೆ ಎಂದಿದ್ದೀರಿ. ಅದನ್ನೇ ಮೊದಲು ಹಿಡಿದುಕೊಳ್ಳಿ. ಈ ಭತ್ಯೆ ಹೆಚ್ಚಾಗಿ ಸಂದಾಯವಾದ ಪ್ರಕರಣಗಳ ಬಗ್ಗೆ ಲಿಜ್ ಸೇಸ್ ಎಂಬುವರು ನಡೆಸಿದ ಸ್ವತಂತ್ರ ಪರಿಶೀಲನೆಯ ವರದಿ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಇಂಥ ಸಂಬಳದ ಸರಾಸರಿ ತೆಗೆಯಲು 2015ರಿಂದ ಅನುಸರಿಸಿದ ಮಾರ್ಗಸೂಚಿಯೇ ಸರಿಯಿರಲಿಲ್ಲವೆಂದು ಅದರಿಂದ ತಿಳಿದುಬಂದು, ಬಾಧಿತರ ಸಾಲಗಳನ್ನು ಮತ್ತೆ ಲೆಕ್ಕ ಹಾಕಲು ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ಜೊತೆಗೆ, ಮಿತಿಗೆ ಹೋಲಿಸಬೇಕಾದುದು ಕಡಿತಗಳಿಗೆ ಮೊದಲಿನ ಒಟ್ಟು ಸಂಬಳವನ್ನಲ್ಲ: ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸಾಮಾಜಿಕ ವಿಮೆ) ವಂತಿಗೆಯನ್ನು ಪೂರ್ತಿಯಾಗಿ, ಪಿಂಚಣಿ ವಂತಿಗೆಯಲ್ಲಿ ಅರ್ಧವನ್ನು ಕಳೆಯಬೇಕು, ಕೆಲಸದ ಹೊತ್ತಿನಲ್ಲಿ ಪತಿಯನ್ನು ನೋಡಿಕೊಳ್ಳಲು ಹತ್ತಿರದ ಸಂಬಂಧಿಯಲ್ಲದ ಯಾರಿಗಾದರೂ ಹಣ ಕೊಟ್ಟಿದ್ದರೆ ಅದನ್ನೂ ಒಂದು ಮಿತಿಯೊಳಗೆ ಕಳೆಯಬಹುದು. ಪ್ರತಿ ವಾರದ ಸಂಬಳದ ಚೀಟಿಗಳನ್ನು ಜೋಡಿಸಿಕೊಂಡು, ಯಾವ ವಾರಕ್ಕೆ ಎಷ್ಟು ಎಂಬ ವಿವರವನ್ನು ಲಿಖಿತವಾಗಿ ಕೇಳಲಿ. ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯವರು ಇದಕ್ಕೆ ಉಚಿತವಾಗಿ ನೆರವಾಗುತ್ತಾರೆ. ಆ ವಿವರ ಬರುವ ಮೊದಲು ಕಾಫಿ ಮಾರುವ ಅಗತ್ಯವಿಲ್ಲವೆಂದು ಅಮ್ಮನವರಿಗೆ ತಿಳಿಸಿ.