ರಿಸ್ಕ್ ಓನರ್ ಯಾರು? ಪುಸ್ತಕದ ಪಾಠವನ್ನು ಪಂಚಾಯತ್ ಕಡತಕ್ಕೆ ಇಳಿಸುವುದು ಹೇಗೆ?

ಬದಿಯಡ್ಕ ತರಗತಿ:
ನಮ್ಮ ಕಾಸರಗೋಡು ಕಡೆಯ ಹೊಸ ಪಂಚಾಯತ್ ಸದಸ್ಯರಿಗೂ ಇಲಾಖೆಯವರಿಗೂ ಎರಡು ಗಂಟೆಯ ತರಬೇತಿ ಇದೆ, ವಿಷಯ ‘ರಿಸ್ಕ್ ಓನರ್‌ಶಿಪ್’, ಅಂದರೆ ಯಾವ ಅಪಾಯಕ್ಕೆ ಯಾರು ಹೊಣೆ ಎಂಬುದು. ಪುಸ್ತಕಗಳೆಲ್ಲ ಕಂಪೆನಿಯ ಲಾಭನಷ್ಟದ ಲೆಕ್ಕದಲ್ಲೇ ಮಾತಾಡುತ್ತವೆ. ನಮ್ಮ ಅಪಾಯ ಪಟ್ಟಿಯಲ್ಲಿ ತೋಡಿನ ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆಯ) ಎದುರು ‘ಹೊಣೆ: ಪಂಚಾಯತ್ / ಲೋಕೋಪಯೋಗಿ / ನೀರಾವರಿ’ ಎಂದಿದೆ. ಮೂವರ ಹೆಸರಿದ್ದರೆ ಯಾರೂ ಇಲ್ಲವೆಂದೇ ಲೆಕ್ಕ. ಸರಕಾರಿ ಕೆಲಸಕ್ಕೆ ಒಗ್ಗುವ ಪಾಠ ಯಾವುದು?

ಕಡತದ ಹುಳ:
ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪದಕೋಶ ಐಎಸ್‌ಒ ಗೈಡ್ 73 (2009) ಪ್ರಕಾರ ಉತ್ತರ ಕೊಡಬೇಕಾದ ಬಾಧ್ಯತೆ, ನಿಭಾಯಿಸುವ ಅಧಿಕಾರ ಎರಡೂ ಇದ್ದವರೇ ರಿಸ್ಕ್ ಓನರ್. ನಮ್ಮಲ್ಲಿ ಕೆಡುವುದು ಆ ‘ಎರಡೂ’ ಎಂಬಲ್ಲಿ. ಓವರ್ಸಿಯರ್ ಹೆಸರು ಬರೆದುಬಿಡುತ್ತಾರೆ. ಅವರಿಗೆ ಸಂಕ ಮುಚ್ಚಿಸುವ ಅಧಿಕಾರವೂ ಇಲ್ಲ, ಹಗ್ಗ ತರಿಸುವ ದುಡ್ಡೂ ಇಲ್ಲ.

ಮೊದಲು ಸಾಲನ್ನೇ ತಿದ್ದಿ. ‘ಕಾಲುಸಂಕ’ ಎಂಬುದು ಅಪಾಯವಲ್ಲ. ‘ನೀರು ಹಲಗೆಗೆ ತಾಗುವಾಗ ದಾಟಲು ಹೋಗಿ ಶಾಲೆಮಕ್ಕಳು ತೋಡಿಗೆ ಬೀಳುವುದು’ ಅಪಾಯ. ಹಾಗೆ ಬರೆದ ಕೂಡಲೇ ಕೆಲಸಗಳು ಬಿಡಿಬಿಡಿಯಾಗಿ ಕಾಣುತ್ತವೆ: ಹಲಗೆ, ಬದಿಯ ಕಂಬಿಯ ದುರಸ್ತಿ ಎಂಜಿನಿಯರರದ್ದು, ಬೆಳಗ್ಗೆ ನೀರು ನೋಡುವುದು ಸಮೀಪದ ಮನೆಯವರದ್ದು, ಮುಚ್ಚುವ ತೀರ್ಮಾನ ಕಾರ್ಯದರ್ಶಿಯದ್ದು. ಕೆಲಸ ಹತ್ತು ಮಂದಿಗೆ ಹಂಚಿ, ಹೊಣೆ ಒಬ್ಬರಿಗೇ ಇರಲಿ. ಕಂಬಕ್ಕೆ ಹಲಗೆಗಿಂತ ಒಂದಡಿ ಕೆಳಗೆ ಕೆಂಪು ಗೆರೆ ಎಳೆಯಿರಿ. ಅಲ್ಲಿಗೆ ಬಂದರೆ ಮುಚ್ಚುವುದೆಂದು ಕಾರ್ಯದರ್ಶಿ ಮೊದಲೇ ತೀರ್ಮಾನಿಸಿರಲಿ; ನೀರು ಬಂದಾಗ ನೋಡುವವರು ಯಾರನ್ನೂ ಕೇಳದೆ ಹಗ್ಗ ಕಟ್ಟಬೇಕು, ಆಮೇಲೆ ಫೋನು.

ಪಟ್ಟಿಯಲ್ಲಿ ವ್ಯಕ್ತಿಯ ಬದಲು ಹುದ್ದೆ ಬರೆಯಿರಿ. ವರ್ಗಾವಣೆಯಾದಾಗ ಚಾರ್ಜು ಕೊಡುವ ಕಾಗದಕ್ಕೆ ಈ ಹಾಳೆಯನ್ನೂ ಸೇರಿಸಿ ಸಹಿ ತೆಗೆದುಕೊಳ್ಳಿ. ಇಲ್ಲವಾದರೆ ಹೊಸಬರಿಗೆ ಸಿಗುವುದು ಕಪಾಟಿನ ಕೀಲಿಕೈ ಮಾತ್ರ.

ಕುಂಬಳೆ ಓದುಗ:
ಒಂದೇ ಪುಸ್ತಕ ಹೇಳಿ ಅಂದರೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತದ ಕುರಿತು ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ 1996ರಲ್ಲಿ ಬರೆದದ್ದು. ರಾಕೆಟ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಬಳೆಗಳು ಸವೆಯುವುದು ಹಿಂದಿನ ಹಾರಾಟಗಳಲ್ಲೇ ಕಂಡಿತ್ತು. ಪ್ರತಿ ಸಲವೂ ‘ಇಷ್ಟು ನಡೆಯುತ್ತದೆ’ ಎಂದು ಒಪ್ಪಿಕೊಂಡರು. 1986ರ ಜನವರಿ 27ರ ರಾತ್ರಿ, ಸುಮಾರು 12 ಡಿಗ್ರಿಗಿಂತ ಚಳಿ ಇದ್ದರೆ ಹಾರಿಸಬೇಡಿ ಎಂದು ಗುತ್ತಿಗೆ ಕಂಪೆನಿಯ ಎಂಜಿನಿಯರುಗಳು ಹೇಳಿದರು. ಅವರ ಮೇಲಿನವರೇ ಅದನ್ನು ತಿರುಗಿಸಿದರು. ಮರುದಿನ ಏಳು ಜೀವ ಹೋಯಿತು.

‘ಕಳೆದ ಮಳೆಗಾಲ ಏನೂ ಆಗಲಿಲ್ಲವಲ್ಲ’ ಎಂಬುದು ಅದೇ ರೋಗ. ಸಣ್ಣ ಮದ್ದು: ‘ಸದ್ಯಕ್ಕೆ ಇರಲಿ’ ಎಂದು ಬರೆಯುವಾಗಲೆಲ್ಲ ಒಪ್ಪಿದವರ ಹುದ್ದೆ, ಕಾರಣ, ಮುಗಿಯುವ ತಾರೀಕು ಮೂರನ್ನೂ ಬರೆಯಿಸಿ. ತಾರೀಕು ದಾಟಿದರೆ ಒಪ್ಪಿಗೆ ತಾನಾಗಿ ರದ್ದು. ಮೇ 31ಕ್ಕಿಂತ ಆಚೆ ಯಾವುದನ್ನೂ ಎಳೆಯಬೇಡಿ, ಮಳೆ ಕಾಯುವುದಿಲ್ಲ.

ಎಣ್ಮಕಜೆ:
ಅಷ್ಟು ದೂರ ಯಾಕೆ ಹೋಗುವುದು ಮಾರಾಯ್ರೆ? ನಮ್ಮ ಗುಡ್ಡದ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೀರ್ಮಾನ ಒಂದು ಕಡೆ, ಇಳುವರಿ ಒಂದು ಕಡೆ, ಕಾಯಿಲೆ ಕೆಳಗಿನ ಮನೆಗಳಿಗೆ. ಹಾಗಾಗಿ ‘ಹೊಣೆ ಯಾರದ್ದು’ ಎಂಬ ಅಂಕಣದ ಪಕ್ಕ ‘ಅನುಭವಿಸುವವರು ಯಾರು’ ಎಂಬ ಅಂಕಣವೂ ಬೇಕು. ಎರಡರಲ್ಲೂ ಒಂದೇ ಹೆಸರು ಬರುವುದು ಅಪರೂಪ. ಬಾರದಿದ್ದಲ್ಲಿ, ಅನುಭವಿಸುವವರನ್ನು ಕೂರಿಸಿಕೊಂಡೇ ಆ ಸಾಲು ತುಂಬಿಸಿ.

ಮುಂದಿನ ಭಾಗವನ್ನು ತರಗತಿಯಲ್ಲಿ ಹೇಳಲೇಬೇಕು. ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ರಾಜ್ಯ ಸರಕಾರಕ್ಕೆ ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರ ಜನವರಿಯಲ್ಲಿ. 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನಕ್ಕೆ, ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರಿಗೆ. ಆಗ ಕೋರ್ಟು ಏನು ಮಾಡಿತು? ರಾಜ್ಯದ ಮುಖ್ಯ ಕಾರ್ಯದರ್ಶಿಯೇ ತಿಂಗಳಿಗೊಮ್ಮೆ ಸಭೆ ಕರೆಯಬೇಕು ಎಂದಿತು. ಒಂದು ಹುದ್ದೆ, ಒಂದು ಅವಧಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದೂ ಅದೇ.

ಬದಿಯಡ್ಕ ತರಗತಿ:
ಒಬ್ಬರ ಹುದ್ದೆಯೇ ಬರೆದರೆ ಸಹಿ ಹಾಕಲು ಹೆದರುತ್ತಾರಲ್ಲ?

ಕಡತದ ಹುಳ:
ಹೆದರುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 56ನೇ ಸೆಕ್ಷನ್ ಕರ್ತವ್ಯದಿಂದ ಹಿಂಜರಿದ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲು ಇಲ್ಲವೇ ದಂಡ ಎನ್ನುತ್ತದೆ. ಆದರೆ 73ನೇ ಸೆಕ್ಷನ್ ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಓದಿಸಿ. ಸದುದ್ದೇಶಕ್ಕೆ ಸಾಕ್ಷಿ ಅಂದರೆ ಆ ಹೊತ್ತಿಗೆ ಬರೆದಿಟ್ಟ ಕಾರಣ. ಆಮೇಲೆ ಬರೆದದ್ದು ಲೆಕ್ಕಕ್ಕೆ ಬಾರದು. ಸಂಕ ಎರಡು ಪಂಚಾಯತುಗಳ ನಡುವೆ ಇದ್ದರೆ ನೀವು ನೀವೇ ಜಗಳಾಡಬೇಡಿ, ಕಲೆಕ್ಟರ್ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ.

ಕುಂಬಳೆ ಓದುಗ:
ಮರೆಯುವ ಮೊದಲು: ಎಚ್ಚರಿಕೆಯ ಫಲಕ ಮಲಯಾಳದಲ್ಲಿ ಮಾತ್ರ ಇದ್ದರೆ, ಕನ್ನಡ ಶಾಲೆಯ ಮಕ್ಕಳ ಪಾಲಿಗೆ ಅದು ಬರೀ ಹಲಗೆ. ಪಟ್ಟಿಯಲ್ಲಿ ‘ಫಲಕ ಹಾಕಲಾಗಿದೆ’ ಎಂದು ಟಿಕ್ ಹಾಕುವ ಮೊದಲು ಒಬ್ಬ ಮೂರನೇ ತರಗತಿಯ ಹುಡುಗನಿಂದ ಓದಿಸಿ ನೋಡಿ.