ದಸರಾ ರಜೆಗೆ ನರಾರಾ: ಟಿಕೆಟ್ ಮೊದಲೋ, ಇಳಿತ ಮೊದಲೋ?

ಪ್ರಶ್ನೆ (ಬಸವನಗುಡಿಯಿಂದ): ಮೇಡಂ, ಗುಜರಾತಿನ ಜಾಮ್‌ನಗರದ ಬಳಿಯ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ದಸರಾ ರಜೆಯಲ್ಲಿ ಹೋಗಬೇಕೆಂದಿದ್ದೇವೆ. ನಾವಿಬ್ಬರು, ಹತ್ತು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ಮಂಡಿನೋವಿರುವ ನಮ್ಮ ಅತ್ತೆ. ಆಯುಧಪೂಜೆ ಮುಗಿಸಿ, ವಿಜಯದಶಮಿಯಂದು ವಿಮಾನದಲ್ಲಿ ರಾಜಕೋಟ್, ಅಲ್ಲಿಂದ ಕಾರಿನಲ್ಲಿ ಜಾಮ್‌ನಗರ. ಮರುದಿನ ಆ ಉದ್ಯಾನಕ್ಕೆ ಸೇರಿದ ನರಾರಾದಲ್ಲಿ ಹವಳ ನೋಡುವುದು. ಒಂದು ದಿನ ಸಾಕೇ? ಟಿಕೆಟ್ ಇನ್ನೂ ಮಾಡಿಸಿಲ್ಲ.

ಉತ್ತರ: ಟಿಕೆಟ್ ಮಾಡಿಸದೇ ಇದ್ದದ್ದು ಒಳ್ಳೆಯದಾಯಿತು. ನೀವು ಆರಿಸಿಕೊಂಡಿರುವುದು ಏಕಾದಶಿ. ನರಾರಾದಲ್ಲಿ ದೋಣಿ ಹತ್ತುವುದಿಲ್ಲ, ಮುಳುಗುವುದೂ ಇಲ್ಲ. ಕಡಲು ಹಿಂದೆ ಸರಿದಾಗ ತೆರೆದುಕೊಳ್ಳುವ ಹವಳದ ದಿಬ್ಬದ ಮೇಲೆ ನಡೆಯುತ್ತೇವೆ. ಕಡಲು ಎಷ್ಟು ಸರಿಯುತ್ತದೆ ಎಂಬುದನ್ನು ಚಂದ್ರ ನಿರ್ಧರಿಸುತ್ತಾನೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿ ಇಳಿತ ದೊಡ್ಡದಾಗುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಅಡ್ಡಡ್ಡ ಎಳೆಯುವುದರಿಂದ ನೀರು ಸೋಮಾರಿ. ಈ ಪರಿಣಾಮ ಒಂದೆರಡು ದಿನ ತಡವಾಗಿ ಕಾಣುತ್ತದೆ. ಹಾಗಾಗಿ ನವಮಿ, ದಶಮಿಗಳಲ್ಲೂ ನೀರು ಮಂಕು, ಏಕಾದಶಿಗೆ ಇನ್ನೂ ಪೂರ್ತಿ ಚೇತರಿಸಿಕೊಂಡಿರುವುದಿಲ್ಲ. ಹೋದರೆ ದಡದ ಕೆಸರು, ಒಂದಷ್ಟು ಏಡಿ ಕಾಣಬಹುದು. ಅದನ್ನು ನೋಡಲು ರಾಜಕೋಟಿನವರೆಗೆ ವಿಮಾನದ ಹಣ ಕೊಡಬೇಕೇ?

ನಾಲ್ಕೈದು ದಿನ ತಡೆದರೆ ಶೀಗಿ ಹುಣ್ಣಿಮೆ. ಹುಣ್ಣಿಮೆಯಂದೋ ಅದರ ಮರುದಿನವೋ ನರಾರಾದಲ್ಲಿರಿ. ನಾನು ಕುಮಟಾ ಕಡೆಯವಳು. ನಮ್ಮಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರಿನ ಆಸುಪಾಸು. ಕಛ್ ಕೊಲ್ಲಿಯ ಆ ದಡದಲ್ಲಿ ದೊಡ್ಡ ಇಳಿತದ ದಿನ ಅದು ನಾಲ್ಕು ಮೀಟರ್ ದಾಟುತ್ತದೆ. ಮೊದಲ ಸಲ ನೋಡಿದಾಗ ಕಡಲನ್ನು ಯಾರೋ ಚಾಪೆಯಂತೆ ಸುತ್ತಿಕೊಂಡು ಹೋದರು ಅನ್ನಿಸಿತ್ತು.

ಸದಸ್ಯರೊಬ್ಬರು: ಹಾಗಾದರೆ ದೀಪಾವಳಿ ಅಮಾವಾಸ್ಯೆ ಇನ್ನೂ ಒಳ್ಳೆಯದಲ್ಲವೇ? ರಜೆಯೂ ಇರುತ್ತದೆ.

ಉತ್ತರ: ನೀರಿನ ಲೆಕ್ಕಕ್ಕೆ ಒಳ್ಳೆಯದೇ. ಆದರೆ ನಮ್ಮ ಬಲಿಪಾಡ್ಯಮಿಯೇ ಗುಜರಾತಿಗಳ ಹೊಸ ವರ್ಷ. ಅವರೆಲ್ಲ ಊರು ಸುತ್ತುವ ವಾರವೂ ಅದೇ, ಕೋಣೆ ಸಿಕ್ಕರೆ ನಿಮ್ಮ ಪುಣ್ಯ.

ಪ್ರಶ್ನೆ ಕೇಳಿದವರು: ಹುಣ್ಣಿಮೆಗೆ ಶಾಲೆ ಇನ್ನೂ ತೆರೆದಿರುವುದಿಲ್ಲ, ಆಗಬಹುದು. ಎಷ್ಟು ಗಂಟೆಗೆ ಹೋಗಬೇಕು?

ಉತ್ತರ: ಅದನ್ನು ಪಂಚಾಂಗ ಹೇಳುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಬ್ಬರ ಇಳಿತದ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಹತ್ತಿರದ ಬಂದರಿನದನ್ನು ನೋಡಿ. ದಿನಕ್ಕೆ ಎರಡು ಇಳಿತ, ನಡುವೆ ಸುಮಾರು 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆಯಂದು ಇಳಿತ ಕತ್ತಲಲ್ಲಿ ಬಿದ್ದರೆ ಒಂದೆರಡು ದಿನ ಬಿಟ್ಟು ಹೋಗಿ, ಬೆಳಕಿಗೆ ಬಂದಿರುತ್ತದೆ. ನೀರು ಅತಿ ಕೆಳಗಿಳಿಯುವ ಹೊತ್ತಿಗಿಂತ ಎರಡು ಗಂಟೆ ಮುಂಚೆಯೇ ನಡಿಗೆ ಶುರುವಾಗಬೇಕು. ನೀರು ತಿರುಗಿತು ಎಂದು ಮಾರ್ಗದರ್ಶಿ ಹೇಳಿದರೆ, ಫೋಟೊ ಬಾಕಿಯಿದ್ದರೂ ಹಿಂದಿರುಗಿ. ನೀರು ಎದುರಿನಿಂದಲೇ ಬರಬೇಕೆಂದಿಲ್ಲ, ಬೆನ್ನ ಹಿಂದಿನ ತಗ್ಗುಗಳು ಮೊದಲೇ ತುಂಬಿಕೊಂಡಿರಬಹುದು.

ಜಾಮ್‌ನಗರದಿಂದ ನರಾರಾ ಸುಮಾರು 60 ಕಿಲೋಮೀಟರ್. ಅರಣ್ಯ ಇಲಾಖೆಯ ದ್ವಾರದಲ್ಲಿ ಪ್ರವೇಶ ಪಡೆದು ಅಲ್ಲಿನ ಮಾರ್ಗದರ್ಶಿಯನ್ನೇ ಕರೆದುಕೊಳ್ಳಿ. ನಾವು ಕಲ್ಲೆಂದು ದಾಟಿಹೋಗುವುದನ್ನು ಅವರು ಆಕ್ಟೋಪಸ್ ಎಂದು ತೋರಿಸುತ್ತಾರೆ. ಗುಂಡಿಗಳಲ್ಲಿ ಪಫರ್ ಮೀನು, ಕಡಲ ಸೌತೆ (ಸೌತೆಕಾಯಿಯ ಆಕಾರದ ಮೆತ್ತನೆಯ ಕಡಲ ಪ್ರಾಣಿ), ನಕ್ಷತ್ರ ಮೀನು ಸಿಗಬಹುದು. ಪಫರ್ ಚೆಂಡಿನಂತೆ ಉಬ್ಬಲಿ ಎಂದು ಕೆಣಕುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಅದು ಹೆದರಿದಾಗ ಮಾತ್ರ ಉಬ್ಬುತ್ತದೆ.

ಪ್ರಶ್ನೆ ಕೇಳಿದವರು: ಅತ್ತೆಗೆ ಆ ನಡಿಗೆ ಆಗುತ್ತದೆಯೇ?

ಉತ್ತರ: ಬೇಡ. ಕೆಸರು, ಚೂಪು ಕಲ್ಲು, ನೆರಳಿಲ್ಲ. ಅವರಿಗಾಗಿ ಇನ್ನೊಂದು ದಿನ ಇಟ್ಟುಕೊಂಡು ಖಿಜಡಿಯಾ ಪಕ್ಷಿಧಾಮಕ್ಕೆ ಕರೆದೊಯ್ಯಿರಿ. ಜಾಮ್‌ನಗರಕ್ಕೆ ಹತ್ತಿರ, ಕಟ್ಟೆಯ ಒಂದು ಪಕ್ಕ ಸಿಹಿನೀರು, ಇನ್ನೊಂದು ಪಕ್ಕ ಉಪ್ಪುನೀರು. ನಿಂತಲ್ಲಿಂದಲೇ ಎರಡು ಬಗೆಯ ಹಕ್ಕಿಗಳು. ವಲಸೆ ಹಕ್ಕಿಗಳ ದಂಡು ಚಳಿಗಾಲಕ್ಕೆ ಕೂಡುವುದು, ಅಕ್ಟೋಬರಿನಲ್ಲಿ ಅಷ್ಟು ನಿರೀಕ್ಷಿಸಬೇಡಿ. ಒಂದು ದಿನ ಸಾಕೇ ಎಂದು ಕೇಳಿದ್ದಿರಿ. ಎರಡು ದಿನ ಬೇಕು.

ಸದಸ್ಯರೊಬ್ಬರು: ಮಕ್ಕಳು ಹವಳದ ಚೂರು ಹೆಕ್ಕಿಕೊಂಡರೆ?

ಉತ್ತರ: ಮೊದಲೇ ಹೇಳಿ ಕರೆದುಕೊಂಡು ಹೋಗಿ. ಹವಳಗಳಿಗೂ ಕಡಲ ಸೌತೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತು ಬಿದ್ದ ಚೂರು ಎಂಬ ನೆಪ ನಡೆಯುವುದಿಲ್ಲ. ಬಣ್ಣದ ಶಂಕುವಿನಂಥ ಬಸವನಹುಳು ಕಂಡರಂತೂ ಮುಟ್ಟಲೇಬಾರದು, ಕೆಲವಕ್ಕೆ ವಿಷದ ಮುಳ್ಳಿರುತ್ತದೆ.

ಪ್ರಶ್ನೆ ಕೇಳಿದವರು: ಚಪ್ಪಲಿ ಸಾಕೇ?

ಉತ್ತರ: ಚಪ್ಪಲಿಯನ್ನು ಕೆಸರು ಮೊದಲ ಹತ್ತು ಹೆಜ್ಜೆಯಲ್ಲೇ ಇಟ್ಟುಕೊಳ್ಳುತ್ತದೆ. ಲೇಸು ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ತನ್ನಿ, ಅಟ್ಟೆ ಮಾತ್ರ ಗಟ್ಟಿಯಿರಲಿ. ಚಿಕ್ಕ ಮಗುವಿಗೆ ಎರಡು ಜೊತೆ.