ವಕೀಲರನ್ನು ಕೇಳಿ: ಪುಣೆಯ ಬಾಡಿಗೆ ಕರಾರು, ಕೆಎ ನಂಬರಿನ ಗಾಡಿ, ಮತ್ತೆ ಪುಂಡಿಪಲ್ಯೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ, ಊರು ಬಾಗಲಕೋಟೆ ಕಡೆ. ಇವತ್ತು ರಜೆ. ಚಹಾ ಇಟ್ಟುಕೊಂಡು ಕೂತಿದ್ದೇನೆ, ಕೇಳಿ. ಕೊಲೆ ಕೇಸು, ಡೈವೋರ್ಸು ಬೇಡ. ಮನೆ, ಗಾಡಿ, ಸೊಸೈಟಿ (ಅಪಾರ್ಟ್‌ಮೆಂಟಿನವರ ಸಂಘ) ತಂಟೆ ಇದ್ದರೆ ಹೇಳಿ.

ವಾಕಡ್‌ನಿಂದ ಒಬ್ಬರು: ಮೇಡಂ, ಹೋದ ತಿಂಗಳು ಹುಬ್ಬಳ್ಳಿಯಿಂದ ಬಂದೆವು. ಬಾಡಿಗೆ 22,000, ಡಿಪಾಸಿಟ್ 60,000. ಏಜೆಂಟ್ ಹೇಳುತ್ತಾನೆ, ‘ಹನ್ನೊಂದು ತಿಂಗಳಿಗೆ ತಾನೆ, ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಆಯ್ತು’ ಅಂತ. ಮೊದಲು ಬೆಂಗಳೂರಲ್ಲಿದ್ದಾಗ ನಾವೂ ಹಾಗೇ ಮಾಡಿದ್ದೆವು. ಸಾಕಾ?

ಉತ್ತರ: ಸಾಲದು. ಈ ಹನ್ನೊಂದು ತಿಂಗಳ ಕಥೆ ಎಲ್ಲಿಂದ ಬಂತು ಅಂದರೆ, 1908ರ ನೋಂದಣಿ ಕಾಯ್ದೆಯಲ್ಲಿ ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಅದಕ್ಕೇ ಜನ ಒಂದು ತಿಂಗಳು ಕಮ್ಮಿ ಬರೆದು ತಪ್ಪಿಸಿಕೊಂಡರು. ನಮ್ಮ ಕಡೆ ಆ ಉಪಾಯ ನಡೆಯುತ್ತೆ. ಇಲ್ಲಿ ನಡೆಯಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಂ ಇದೆ. ಲೀವ್ ಆಂಡ್ ಲೈಸೆನ್ಸ್ (ಮನೆಯ ಮೇಲೆ ಹಕ್ಕು ಕೊಡದೆ ಇರಲು ಬರೀ ಅನುಮತಿ ಕೊಡುವ ಕರಾರು) ಆಗಲಿ, ಬಾಡಿಗೆ ಆಗಲಿ, ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು. ಹನ್ನೊಂದು ತಿಂಗಳಾದರೂ ಅಷ್ಟೆ, ಎರಡು ತಿಂಗಳಾದರೂ ಅಷ್ಟೆ.

ಮಾಡಿಸುವ ಹೊಣೆ ಮಾಲಕರದು. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ಮಾತನ್ನು ಮಾಲಕರಿಗೆ ನಗುನಗುತ್ತಲೇ ಹೇಳಿ. ನೋಂದಣಿಯಾದ ಕರಾರು ಇಲ್ಲದಿದ್ದರೆ, ಷರತ್ತು ಏನಿತ್ತು ಅನ್ನುವ ಜಗಳದಲ್ಲಿ ಬಾಡಿಗೆದಾರ ಹೇಳಿದ್ದೇ ನಡೆಯುತ್ತೆ, ಅದು ಸುಳ್ಳು ಅಂತ ಮಾಲಕರು ಸಾಬೀತು ಮಾಡುವ ತನಕ. ಇದು ಕೇಳಿದ ಮೇಲೆ ಹತ್ತರಲ್ಲಿ ಒಂಬತ್ತು ಜನ ತಾವೇ ನೋಂದಣಿಗೆ ಓಡುತ್ತಾರೆ.

ಖರ್ಚು ನೀವು ಹೆದರುವಷ್ಟಿಲ್ಲ. ಸ್ಟ್ಯಾಂಪ್ ಡ್ಯೂಟಿ ಕಾಲು ಪರ್ಸೆಂಟ್. ನಿಮ್ಮ ಲೆಕ್ಕ ಹಾಕೋಣ: 22,000 ಗುಣಿಸು 11 ಅಂದರೆ 2,42,000. ಡಿಪಾಸಿಟ್ ಮೇಲೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಹಿಡಿಯುತ್ತಾರೆ, ಹನ್ನೊಂದು ತಿಂಗಳಿಗೆ 5,500. ಎರಡೂ ಕೂಡಿ 2,47,500. ಅದರ ಕಾಲು ಪರ್ಸೆಂಟ್ 619 ರೂಪಾಯಿ. 700 ಅಂತಲೇ ಹಿಡಿದುಕೊಳ್ಳಿ. ಪಾಲಿಕೆ ಹದ್ದಿನೊಳಗೆ ನೋಂದಣಿ ಶುಲ್ಕ 1,000. ಅದರ ಮೇಲೆ ಸಣ್ಣಪುಟ್ಟ ಶುಲ್ಕ, ಮನೆಗೆ ಬಂದು ಮಾಡಿಕೊಡುವವನ ಕೂಲಿ. ಬಹಳ ಕಡೆ ಮಾಲಕರು, ಬಾಡಿಗೆದಾರರು ಅರ್ಧರ್ಧ ಹಾಕಿಕೊಳ್ಳುತ್ತಾರೆ.

ಅದೇ ವಾಕಡ್‌ನವರು: ಮಾಲಕರು ಎಪ್ಪತ್ತೆಂಟರ ಅಜ್ಜಿ. ಆಫೀಸಿಗೆ ಬರಲ್ಲ ಅಂತಾರೆ.

ಉತ್ತರ: ಬರೋದೇ ಬೇಡ. ಆನ್‌ಲೈನ್ ನೋಂದಣಿ ಇದೆ. ಒಬ್ಬ ಹುಡುಗ ಲ್ಯಾಪ್‌ಟಾಪ್, ಬೆರಳು ಒತ್ತುವ ಸಣ್ಣ ಯಂತ್ರ, ಕ್ಯಾಮೆರಾ ಹಿಡಿದು ಮನೆಗೇ ಬರುತ್ತಾನೆ. ಆಧಾರ್ ಮೂಲಕ ಬೆರಳು, ಒಂದು ಫೋಟೋ, ಇಬ್ಬರು ಸಾಕ್ಷಿ. ಇಲ್ಲಿ ಮರಾಠಿಯಲ್ಲಿ ಇದಕ್ಕೆ ‘ಭಾಡೆಕರಾರ್’ ಅಂತಾರೆ, ಹಾಗೇ ಕೇಳಿ.

ಆದರೆ ಅಜ್ಜಿಯರ ಬೆರಳಿನದು ಬೇರೆಯೇ ಪುರಾಣ. ಕೋಥ್ರುಡ್‌ನಲ್ಲಿ ಒಮ್ಮೆ ಮಾಲಕರು ಇಂಥ ಅಜ್ಜಿಯೇ. ಜೀವನವಿಡೀ ಭಾಕ್ರಿ ತಟ್ಟಿದ ಕೈ, ಹೆಬ್ಬೆರಳ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಯಂತ್ರ ಏಳು ಸಲ ಕೆಂಪು ದೀಪ ತೋರಿಸಿತು. ಹುಡುಗ ಬೆವರುತ್ತಿದ್ದ. ಅಜ್ಜಿ ಸೆರಗಿಗೆ ಒರೆಸಿದರು, ಆಮೇಲೆ ಒದ್ದೆ ಬಟ್ಟೆಗೆ ಒರೆಸಿದರು, ಊಹೂಂ. ಕೊನೆಗೆ ಎಡಗೈ ಉಂಗುರದ ಬೆರಳು ಇಟ್ಟರೆ ಟಕ್ ಅಂತ ಹಸಿರು. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತೂ ಬೆರಳು ಹಚ್ಚಿ ನೋಡಲು ಹೇಳಿ.

ಹಡಪ್ಸರ್‌ನಿಂದ ಇನ್ನೊಬ್ಬರು: ಅಕ್ಕಾ, ಸೊಸೈಟಿಯವರು ‘ಬಾಡಿಗೆಗೆ ಕೊಟ್ಟಿದ್ದಕ್ಕೆ ಇಷ್ಟು ಕೊಡಿ’ ಅಂತ ಮೇಂಟೆನೆನ್ಸ್‌ನಷ್ಟೇ ದುಡ್ಡು ಇನ್ನೊಂದು ಸಲ ಕೇಳುತ್ತಿದ್ದಾರೆ.

ಉತ್ತರ: ಅದನ್ನು ನಾನ್ ಆಕ್ಯುಪನ್ಸಿ ಚಾರ್ಜ್ ಅಂತಾರೆ. 2001ರಲ್ಲೇ ಸರ್ಕಾರ ಮಿತಿ ಹಾಕಿದೆ: ಮೇಂಟೆನೆನ್ಸ್‌ನಲ್ಲಿರುವ ಸರ್ವಿಸ್ ಚಾರ್ಜಿನ 10 ಪರ್ಸೆಂಟ್, ಅದೂ ಪಾಲಿಕೆ ತೆರಿಗೆ ಬಿಟ್ಟು. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಸೊಸೈಟಿಗೆ ಕೊಡಬೇಕಾದವರು ಫ್ಲ್ಯಾಟಿನ ಮಾಲಕರು, ನೀವಲ್ಲ. ಮಾಲಕರ ಕೈಲಿ ಒಂದು ಪತ್ರ ಬರೆಸಿ. ನೀವೇ ಕಮಿಟಿಯವರ ಜತೆ ಲಿಫ್ಟ್ ಹತ್ತಿರ ನಿಂತು ವಾದ ಮಾಡಬೇಡಿ. ನಾಳೆಯೂ ಅದೇ ಕಟ್ಟಡದಲ್ಲಿ ಬಾಳಬೇಕಾದವರು ನೀವು, ಅಲ್ವಾ?

ಹಿಂಜವಡಿಯಿಂದ ಒಬ್ಬ ಹುಡುಗ: ಮೇಡಂ, ನನ್ನದು ಕೆಎ 25 ಬೈಕು. ಸಿಗ್ನಲ್‌ನಲ್ಲಿ ಹಿಡಿದು ನಿಲ್ಲಿಸುತ್ತಾರೆ. ಧಾರವಾಡದಿಂದ ಬಂದು ನಾಲ್ಕು ತಿಂಗಳಾಯ್ತು. ನಂಬರ್ ಬದಲಿಸಲೇಬೇಕಾ?

ಉತ್ತರ: ಇವತ್ತೇ ಬೇಡ ತಮ್ಮಾ. ಮೋಟಾರು ವಾಹನ ಕಾಯ್ದೆ 1988ರ 47ನೇ ಕಲಂ ಪ್ರಕಾರ, ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಹೊಸ ನಂಬರಿಗೆ ಅರ್ಜಿ ಹಾಕಬೇಕು. ನಾಲ್ಕು ತಿಂಗಳಿಗೆ ಯಾರೂ ದಂಡ ಹಾಕುವಂತಿಲ್ಲ. ಆದರೆ ‘ನಾಲ್ಕೇ ತಿಂಗಳಾಯ್ತು ಸಾಹೇಬ್ರೆ’ ಅಂತ ಬರೀ ಬಾಯಲ್ಲಿ ಹೇಳಿದರೆ ನಂಬುವವರು ಯಾರು? ಮೇಲೆ ಹೇಳಿದ ಕರಾರು ಇಲ್ಲಿಯೂ ಕೆಲಸಕ್ಕೆ ಬರುತ್ತೆ. ಅದರಲ್ಲಿ ನೀನು ಪುಣೆಗೆ ಬಂದು ಮನೆ ಹಿಡಿದ ತಾರೀಖು ಇರುತ್ತೆ. ಫೋನಿನಲ್ಲಿ ಒಂದು ಫೋಟೋ ಇಟ್ಟುಕೋ. ಹೆಲ್ಮೆಟ್, ಇನ್ಶೂರೆನ್ಸ್, ಪಿಯುಸಿ (ಹೊಗೆ ತಪಾಸಣೆಯ ಚೀಟಿ) ಸರಿ ಇರಲಿ. ಅರ್ಧ ಮಂದಿ ಸಿಕ್ಕಿಬೀಳುವುದು ನಂಬರಿನಿಂದಲ್ಲ, ಪಿಯುಸಿ ಮುಗಿದಿದ್ದರಿಂದ.

ಇಲ್ಲೇ ಇರುತ್ತೀನಿ ಅಂದರೆ ಹೀಗೆ ಮಾಡು. ಮೊದಲು ಧಾರವಾಡ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಅದು ಫಾರ್ಮ್ 28. ಬೈಕಿನ ಮೇಲೆ ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ಆಮೇಲೆ ಇಲ್ಲಿ ಫಾರ್ಮ್ 27, ಇಲ್ಲಿಯ ರಸ್ತೆ ತೆರಿಗೆ. ಹಿಂಜವಡಿ, ವಾಕಡ್ ಕಡೆಯವರಿಗೆ ಪಿಂಪ್ರಿ ಚಿಂಚವಡದ ಆರ್‌ಟಿಒ, ಅಂದರೆ ಎಂಎಚ್ 14. ಹಡಪ್ಸರ್, ಕೋಥ್ರುಡ್‌ನವರಿಗೆ ಸಂಗಮ್ ಬ್ರಿಜ್ ಹತ್ತಿರದ್ದು, ಎಂಎಚ್ 12. ಎಷ್ಟೋ ಜನ ತಪ್ಪು ಆಫೀಸಿನ ಸಾಲಿನಲ್ಲಿ ಅರ್ಧ ದಿನ ನಿಂತು ಬಂದಿದ್ದಾರೆ. ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಕಾಲದ ಪಾಲು ವಾಪಸ್ ಕೇಳಬಹುದು. ಇಲ್ಲಿಯ ನಂಬರ್ ಬಿದ್ದ ಮೇಲೆ ಧಾರವಾಡದಲ್ಲಿ ಅರ್ಜಿ ಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಗಾಡಿ ಹತ್ತು ವರ್ಷದ್ದಾದರೆ ಇದೆಲ್ಲ ಸುಮ್ನೆ. ಊರಲ್ಲೇ ಮಾರಿ ಇಲ್ಲೊಂದು ಸೆಕೆಂಡ್ ಹ್ಯಾಂಡ್ ತಗೋ. ಅದು ಅಪ್ಪನ ಬೈಕು, ಬಿಡಲ್ಲ ಅಂದರೆ ನನ್ನ ಮಾತು ಬಿಟ್ಟುಬಿಡು.

ಅದೇ ಹುಡುಗ: ಅಪ್ಪನದೇ ಮೇಡಂ. 😄

ಔಂಧ್‌ನಿಂದ ಒಬ್ಬರು ಹಿರಿಯರು: ತಾಯಿ, ಮಗಳು ಮನೆ ಬಿಟ್ಟಳು. ಮಾಲಕರು ಪೇಂಟಿಂಗ್ ಖರ್ಚು ಅಂತ ಡಿಪಾಸಿಟ್‌ನಲ್ಲಿ ಮುರಿಯುತ್ತಾರಂತೆ.

ಉತ್ತರ: ಕರಾರಿನಲ್ಲಿ ಪೇಂಟಿಂಗ್ ಷರತ್ತು ಇದೆಯಾ ನೋಡಿ ಕಾಕಾ. ಇದ್ದರೆ ಅಷ್ಟು ಕೊಡಬೇಕು. ಇಲ್ಲದಿದ್ದರೆ ಬಿಲ್ಲು ಕೇಳಿ, ಬರಹದಲ್ಲಿ ಉತ್ತರ ಕೇಳಿ. ಇದ್ದು ಬಳಸಿದ್ದರಿಂದ ಗೋಡೆ ಮಾಸುವುದು ಬೇರೆ, ಮೊಳೆ ಹೊಡೆದು ಹಾಳು ಮಾಡುವುದು ಬೇರೆ. ಮಾಲಕರು ಬಗ್ಗದಿದ್ದರೆ ಮೊದಲು ಒಂದು ನೋಟಿಸು ಕಳಿಸೋಣ. ಬಹಳ ಸಲ ಅಲ್ಲಿಗೇ ಮುಗಿಯುತ್ತೆ.

ವಕೀಲಿ ಶುರು ಮಾಡಿದ ವರ್ಷ ನನಗೂ ಹೀಗೇ 12,000 ಹೋಯ್ತು. ಕೈಲಿ ಒಂದು ಫೋಟೋ ಇರಲಿಲ್ಲ. ಈಗ ಯಾವ ಮನೆಗೆ ಹೋದರೂ ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಬಾತ್‌ರೂಮಿನ ಟೈಲ್ಸು ಎಲ್ಲದರ ವಿಡಿಯೊ ಮಾಡಿ ಅವತ್ತೇ ಮಾಲಕರ ವಾಟ್ಸಾಪಿಗೆ ಕಳಿಸುತ್ತೇನೆ. ನನ್ನ ಗಂಡ ನಗುತ್ತಾರೆ. ನಗಲಿ.

ವಾಕಡ್‌ನವರು ಮತ್ತೆ: ಮೇಡಂ, ಇದು ಕಾನೂನಿನದಲ್ಲ. ಪುಂಡಿಪಲ್ಯೆ, ಗುರೆಳ್ಳು ಎಲ್ಲಿ ಸಿಗುತ್ತೆ? ನಮ್ಮತ್ತೆ ಬಂದಿದ್ದಾರೆ. ಅಂಗಡಿಯವರಿಗೆ ಹೇಳಿದರೆ ಮುಖ ಮುಖ ನೋಡುತ್ತಾರೆ.

ಉತ್ತರ: ಹೆಸರು ಬದಲಿಸಿ ಕೇಳಬೇಕು. ಪುಂಡಿಗೆ ಇಲ್ಲಿ ಅಂಬಾಡಿ. ಗುರೆಳ್ಳಿಗೆ ಕಾರಳೆ. ಅಗಸಿಗೆ ಜವಸ್. ಬೆಳಿಗ್ಗೆ ಮಹಾತ್ಮಾ ಫುಲೆ ಮಂಡಈ ತರಕಾರಿ ಮಾರುಕಟ್ಟೆಗೆ ಹೋದರೆ ಅಂಬಾಡಿ ಸಿವುಡು ಕಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಎಲೆ ಬಾಡದೆ ಇರೋದು ನೋಡಿ ತಗೊಳ್ಳಿ. ಕಾರಳೆ ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ. ಆದರೆ ಪುಡಿ ಮಾಡಿದ್ದು ಬೇಡ. ಕಾಳೇ ತಂದು ಅತ್ತೆಯವರ ಕೈಲಿ ಹುರಿಸಿ. ಒಂದು ಡಬ್ಬಿ ನನಗೂ ಇರಲಿ, ಇವತ್ತಿನ ಫೀಸು.